ಬೆಕ್ಕಿನ ಶರೀರಧರ್ಮ ಮತ್ತು ಆಪತ್ಕಾಲದ ಆರೈಕೆ

ಧಾನ್ಯವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಬೆಕ್ಕು. ಈ ನಂಟು ಬೇಸಾಯದಷ್ಟೇ ಹಳೆಯದು. ಗದಗ, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಗಳ ಸುತ್ತಣ ಹಳ್ಳಿಗಳಲ್ಲಿ ಜೋಳ, ಹೆಸರು, ಶೇಂಗಾ ಬೆಳೆಯುವ ರೈತರು ಬೆಕ್ಕನ್ನು ಸಾಕಿಕೊಂಡು ಬಂದಿರುವುದು ಮನೆಯ ಅಂದಕ್ಕಾಗಿ ಅಲ್ಲ, ಕಾಳಿನ ಚೀಲಗಳ ಕಾವಲಿಗಾಗಿ. ಸೈಪ್ರಸ್ ದ್ವೀಪದಲ್ಲಿ ಮನುಷ್ಯನೊಬ್ಬನ ಸಮಾಧಿಯ ಪಕ್ಕದಲ್ಲಿಯೇ ಹೂಳಿದ್ದ ಬೆಕ್ಕಿನ ಅಸ್ಥಿಪಂಜರವೊಂದು ದೊರೆತ ಸಂಗತಿಯನ್ನು ಪುರಾತತ್ತ್ವಜ್ಞರು ೨೦೦೪ರಲ್ಲಿ ಪ್ರಕಟಿಸಿದರು. ಅದರ ಕಾಲ ಸುಮಾರು ೯,೫೦೦ ವರ್ಷಗಳ ಹಿಂದಿನದು. ಇಂದಿನ ಸಾಕುಬೆಕ್ಕುಗಳೆಲ್ಲವೂ ಉತ್ತರ ಆಫ್ರಿಕ ಮತ್ತು ಪಶ್ಚಿಮ ಏಷ್ಯಗಳ ಒಣನಾಡುಗಳಲ್ಲಿ ವಾಸಿಸುವ ‘ಫೆಲಿಸ್ ಲಿಬಿಕಾ’ ಎಂಬ ಕಾಡುಬೆಕ್ಕಿನ ಸಂತತಿ ಎಂಬುದು ಆನುವಂಶಿಕ ಪರೀಕ್ಷೆಗಳಿಂದ ಖಚಿತವಾಗಿದೆ.

ಇಷ್ಟು ದೀರ್ಘಕಾಲದ ಸಹವಾಸದಲ್ಲಿಯೂ ಬೆಕ್ಕು ಮನುಷ್ಯನಿಂದ ಪಡೆದುದು ಮುಖ್ಯವಾಗಿ ಆಶ್ರಯವನ್ನು. ಆಹಾರವನ್ನು ಬಹುಮಟ್ಟಿಗೆ ತಾನೇ ಬೇಟೆಯಾಡಿ ಸಂಪಾದಿಸಿಕೊಂಡಿತು. ಆದುದರಿಂದ ಅದರ ದೇಹ ಇಂದಿಗೂ ಮರುಭೂಮಿಯ ಬೇಟೆಗಾರನ ದೇಹವಾಗಿಯೇ ಉಳಿದಿದೆ. ಈಗ ಪಟ್ಟಣದ ಮನೆಗಳಲ್ಲಿ ಬಾಗಿಲು ಮುಚ್ಚಿ ಸಾಕುವ ಬೆಕ್ಕುಗಳ ಊಟ, ನೀರು, ಔಷಧ ಎಲ್ಲವೂ ನಮ್ಮ ಕೈಯಲ್ಲಿವೆ. ಬೆಕ್ಕು ಚಿಕ್ಕ ನಾಯಿಯಲ್ಲ, ಚಿಕ್ಕ ಮನುಷ್ಯನೂ ಅಲ್ಲ. ಈ ಒಂದು ಮಾತನ್ನು ಮರೆತು, ಪ್ರೀತಿಯಿಂದಲೇ ಮಾಡುವ ಉಪಚಾರದಿಂದ ಎಷ್ಟೋ ಬೆಕ್ಕುಗಳು ಸಾಯುತ್ತವೆ.

ರೊಟ್ಟಿ, ಹಾಲು ಮತ್ತು ಟಾರಿನ್

ನಮ್ಮ ಕಡೆ ಬೆಕ್ಕಿಗೆ ಹಾಕುವ ಊಟವೆಂದರೆ ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿ, ಇಲ್ಲವೆ ಹಾಲು ಅನ್ನ. ಇದನ್ನು ತಿಂದೇ ಬೆಕ್ಕು ಹತ್ತು ವರ್ಷ ಬದುಕಿತು ಎಂದು ಹೇಳುವವರುಂಟು. ಆ ಮಾತು ಸುಳ್ಳಲ್ಲ. ಆದರೆ ಆ ಬೆಕ್ಕು ರಾತ್ರಿ ಹೊತ್ತು ಹಿಡಿದು ತಿಂದ ಇಲಿಗಳ ಲೆಕ್ಕವನ್ನು ಯಾರೂ ಇಟ್ಟಿರುವುದಿಲ್ಲ.

ಬೆಕ್ಕು ಮಾಂಸವಿಲ್ಲದೆ ಆರೋಗ್ಯವಾಗಿ ಬಾಳಲಾರದ ಪ್ರಾಣಿ. ‘ಟಾರಿನ್’ ಎಂಬ ಅಮೈನೊ ಆಮ್ಲವನ್ನು ಮನುಷ್ಯನ ದೇಹವೂ ನಾಯಿಯ ದೇಹವೂ ಸಾಮಾನ್ಯವಾಗಿ ತಾವೇ ತಯಾರಿಸಿಕೊಳ್ಳುತ್ತವೆ. ಬೆಕ್ಕಿನ ದೇಹಕ್ಕೆ ಅದನ್ನು ಸಾಕಷ್ಟು ತಯಾರಿಸುವ ಶಕ್ತಿಯಿಲ್ಲ. ಧಾನ್ಯಗಳಲ್ಲಿ ಟಾರಿನ್ ಇಲ್ಲ; ಹಾಲಿನಲ್ಲಿ ಇರುವುದು ಅತ್ಯಲ್ಪ. ಟಾರಿನ್ ದೊರೆಯದ ಬೆಕ್ಕಿನ ಕಣ್ಣಿನ ಅಕ್ಷಿಪಟಲ ಕ್ಷೀಣಿಸಿ ಕುರುಡುತನ ಬರುತ್ತದೆಂಬುದು ೧೯೭೫ರಲ್ಲಿಯೂ, ಹೃದಯದ ಸ್ನಾಯು ಸಡಿಲಗೊಂಡು ಹೃದಯ ವಿಫಲವಾಗುತ್ತದೆಂಬುದು ೧೯೮೭ರಲ್ಲಿಯೂ ಪ್ರಯೋಗಗಳಿಂದ ತಿಳಿದುಬಂದವು. ಗಜ್ಜರಿಯಲ್ಲಿರುವ ಕ್ಯಾರೊಟೀನಿನಿಂದ ಎ ಜೀವಸತ್ವವನ್ನು ಮಾಡಿಕೊಳ್ಳುವುದೂ ಬೆಕ್ಕಿಗೆ ಸಾಧ್ಯವಿಲ್ಲ. ಆದುದರಿಂದ ಬೇಟೆಗೆ ಅವಕಾಶವಿಲ್ಲದ ಬೆಕ್ಕಿಗೆ ಮಾಂಸ, ಮೀನುಗಳನ್ನೊಳಗೊಂಡ ಸಮತೋಲದ ಆಹಾರ ಅಗತ್ಯ. ಶಾಕಾಹಾರಿಗಳ ಮನೆಯಲ್ಲಿ, ಬೆಕ್ಕಿಗಾಗಿಯೇ ಟಾರಿನ್ ಸೇರಿಸಿ ತಯಾರಿಸಿದ ಸಿದ್ಧ ಆಹಾರವನ್ನು ಕೊಡಬಹುದು. ನಾಯಿಗಾಗಿ ತಯಾರಿಸಿದುದು ಇದಕ್ಕೆ ಬದಲಾಗಲಾರದು.

ಹಾಲಿನ ವಿಷಯವೂ ಹೀಗೆಯೇ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಗಾದೆ ಎಲ್ಲರಿಗೂ ಗೊತ್ತು. ಆದರೆ ಮರಿತನ ಕಳೆದಂತೆ, ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಕಿಣ್ವ ಬೆಕ್ಕಿನ ಕರುಳಿನಲ್ಲಿ ಕಡಮೆಯಾಗುತ್ತದೆ. ಅನೇಕ ಬೆಕ್ಕುಗಳಿಗೆ ಹಾಲಿನಿಂದ ಭೇದಿಯಾಗುವುದು ಇದರಿಂದಲೇ. ಬೆಕ್ಕಿಗೆ ನಿತ್ಯವೂ ಬೇಕಾದುದು ಶುದ್ಧವಾದ ನೀರು.

ಒಣನಾಡಿನ ಮೂತ್ರಪಿಂಡ

ಮರುಭೂಮಿಯ ಕಾಡುಬೆಕ್ಕು ತನಗೆ ಬೇಕಾದ ನೀರಿನ ಬಹುಭಾಗವನ್ನು ಬೇಟೆಯ ಮಾಂಸದಿಂದಲೇ ಪಡೆಯುತ್ತದೆ. ಅದರ ಮೂತ್ರಪಿಂಡಗಳು ನೀರನ್ನು ಉಳಿಸಿಕೊಂಡು ಬಹಳ ಗಾಢವಾದ ಮೂತ್ರವನ್ನು ಹೊರಹಾಕುತ್ತವೆ. ಬಾಯಾರಿಕೆಯೂ ಅದಕ್ಕೆ ಕಡಮೆ. ಒಣ ಆಹಾರವನ್ನೇ ತಿಂದು ನೀರನ್ನು ಸಾಲದಷ್ಟು ಕುಡಿಯುವ ಸಾಕುಬೆಕ್ಕಿಗೆ ಈ ಗುಣವೇ ಶತ್ರುವಾಗಬಲ್ಲುದು. ಮೂತ್ರಕೋಶದಲ್ಲಿ ಹರಳು ಮತ್ತು ಲೋಳೆ ಸೇರುತ್ತವೆ. ಗಂಡುಬೆಕ್ಕಿನಲ್ಲಿ ಮೂತ್ರ ಹೊರಬರುವ ನಾಳ ಬಹಳ ಇಕ್ಕಟ್ಟಾದುದರಿಂದ ಅವು ಅಲ್ಲಿ ಸಿಕ್ಕಿಕೊಂಡು ದಾರಿ ಕಟ್ಟುತ್ತದೆ.

ಆಗ ಬೆಕ್ಕು ಮತ್ತೆ ಮತ್ತೆ ಮೂಲೆಗೆ ಹೋಗಿ ಕುಳಿತು ತಿಣುಕುತ್ತದೆ, ನರಳುತ್ತದೆ, ಹಿಂಭಾಗವನ್ನು ನೆಕ್ಕಿಕೊಳ್ಳುತ್ತದೆ. ನೋಡುವವರು ಮಲಬದ್ಧತೆಯೆಂದು ಭಾವಿಸಿ ಎಣ್ಣೆ ಕುಡಿಸುತ್ತಾರೆ. ಇದು ಅಪಾಯಕರವಾದ ತಪ್ಪು. ಮೂತ್ರ ಪೂರ್ತಿ ಕಟ್ಟಿದರೆ ರಕ್ತದಲ್ಲಿ ಪೊಟ್ಯಾಸಿಯಮ್ ಏರಿ ಹೃದಯದ ಬಡಿತವೇ ತಪ್ಪುತ್ತದೆ. ಎರಡು ಮೂರು ದಿನಗಳಲ್ಲಿ ಸಾವು ಸಂಭವಿಸಬಹುದು. ಗಂಡುಬೆಕ್ಕು ತಿಣುಕಿದರೂ ಮೂತ್ರ ಬರದಿದ್ದರೆ ನಾಳೆ ನೋಡೋಣವೆನ್ನದೆ ಅಂದೇ, ಆಗಲೇ ವೈದ್ಯರಲ್ಲಿಗೆ ಒಯ್ಯತಕ್ಕದ್ದು.

ನಮಗೆ ಮದ್ದು, ಬೆಕ್ಕಿಗೆ ವಿಷ

ದೇಹವನ್ನು ಸೇರಿದ ಔಷಧಗಳನ್ನು ನಿರಪಾಯಗೊಳಿಸಿ ಹೊರಗೆ ಕಳುಹಿಸುವುದು ಯಕೃತ್ತಿನ ಕಾರ್ಯ. ನಮ್ಮ ಯಕೃತ್ತು ಪ್ಯಾರಾಸಿಟಮಾಲನ್ನು ಗ್ಲುಕುರಾನಿಕ್ ಆಮ್ಲದೊಡನೆ ಜೋಡಿಸಿ ಮೂತ್ರದ ಮೂಲಕ ಸಾಗಿಸುತ್ತದೆ. ಈ ಜೋಡಣೆಗೆ ಬೇಕಾದ ಕಿಣ್ವದ ಜೀನು ಬೆಕ್ಕಿನ ಕುಲದಲ್ಲಿ ಎಂದೋ ಕೆಟ್ಟು ನಿಷ್ಕ್ರಿಯವಾಗಿದೆ. ಹೀಗಾಗಿ ಔಷಧ ಬೇರೆ ದಾರಿ ಹಿಡಿದು ವಿಷವಾಗುತ್ತದೆ. ರಕ್ತದ ಹೀಮೋಗ್ಲೋಬಿನ್ ಆಮ್ಲಜನಕವನ್ನು ಹೊರಲಾರದಂತಾಗುತ್ತದೆ. ಒಸಡು ಕಂದು ಅಥವಾ ನೀಲಿಯಾಗುತ್ತದೆ, ಮುಖ ಮತ್ತು ಪಾದ ಬಾತುಕೊಳ್ಳುತ್ತವೆ, ಉಸಿರು ಕಟ್ಟುತ್ತದೆ. ಜ್ವರವೆಂದು ಕನಿಕರಪಟ್ಟು ಕೊಟ್ಟ ೫೦೦ ಮಿಲಿಗ್ರಾಮಿನ ಒಂದೇ ಗುಳಿಗೆ ನಾಲ್ಕು ಕಿಲೋಗ್ರಾಮ್ ತೂಕದ ಬೆಕ್ಕನ್ನು ಕೊಲ್ಲಬಲ್ಲುದು. ಇದಕ್ಕೆ ಅಸಿಟೈಲ್ ಸಿಸ್ಟೀನ್ ಎಂಬ ಪ್ರತ್ಯೌಷಧವುಂಟು. ಆದರೆ ಅದು ಫಲಿಸಬೇಕಾದರೆ ಕೆಲವೇ ಗಂಟೆಗಳೊಳಗೆ ದೊರೆಯಬೇಕು.

ನಾಯಿಯ ಚಿಗಟಕ್ಕಾಗಿ ಮಾರುವ ‘ಪರ್ಮೆಥ್ರಿನ್’ ಔಷಧವೂ ಇಂಥದೇ. ನಾಯಿಗೆ ಅದು ಹೊಂದುತ್ತದೆ; ಬೆಕ್ಕಿನ ಮೈಗೆ ಹಚ್ಚಿದರೆ ನಡುಕ, ಸೆಳವು ತೋರಿ ಸಾವೂ ಬರಬಹುದು. ಹೊಲಕ್ಕೆ ಸಿಂಪಡಿಸುವ ಕೀಟನಾಶಕಗಳಲ್ಲಿ ಈ ಗುಂಪಿನವು ಹಲವಿವೆ. ಅಂಥ ದ್ರವ ಮೈಮೇಲೆ ಬಿದ್ದರೆ ಬೆಕ್ಕು ನೆಕ್ಕಿಕೊಳ್ಳುವ ಮೊದಲೇ ಉಗುರುಬೆಚ್ಚನೆಯ ನೀರು ಮತ್ತು ಪಾತ್ರೆ ತೊಳೆಯುವ ಸೌಮ್ಯ ಸಾಬೂನಿನಿಂದ ತೊಳೆದು, ಒರೆಸಿ, ಬೆಚ್ಚಗಿಟ್ಟು ವೈದ್ಯರಲ್ಲಿಗೆ ಒಯ್ಯಬೇಕು.

ಇನ್ನೊಂದು ವಿಷ ನಮ್ಮ ಅಡುಗೆಮನೆಯಲ್ಲಿಯೇ ಇದೆ. ಗದಗ ಜಿಲ್ಲೆ ಉಳ್ಳಾಗಡ್ಡಿಗೆ ಹೆಸರಾದುದು. ಉಳ್ಳಾಗಡ್ಡಿ, ಬಳ್ಳೊಳ್ಳಿಗಳಲ್ಲಿರುವ ಗಂಧಕದ ಸಂಯುಕ್ತಗಳು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ದೇಹದ ಪ್ರತಿ ಕಿಲೋಗ್ರಾಮ್ ತೂಕಕ್ಕೆ ಸುಮಾರು ೫ ಗ್ರಾಮ್ ಉಳ್ಳಾಗಡ್ಡಿಯೇ ಅಪಾಯಕರ. ಎಂದರೆ ದೊಡ್ಡ ಬೆಕ್ಕಿಗೂ ೨೦ ಗ್ರಾಮ್ ಸಾಕು. ಬೇಯಿಸಿದರೂ ಒಣಗಿಸಿ ಪುಡಿಮಾಡಿದರೂ ಇದರ ವಿಷ ಹೋಗುವುದಿಲ್ಲ. ತಿಂದ ಕೆಲವು ದಿನಗಳ ಮೇಲೆ ಒಸಡು ಬಿಳಚಿಕೊಳ್ಳುವುದರಿಂದ ಕಾರಣವೇ ಮರೆತುಹೋಗಿರುತ್ತದೆ. ಸಾರು, ಪಲ್ಯ ಕಲಸಿದ ಊಟವನ್ನು ಬೆಕ್ಕಿಗೆ ಹಾಕಬಾರದೆನ್ನುವುದು ಇದಕ್ಕಾಗಿ.

ನೂಲು, ಇಲಿಪಾಷಾಣ ಮತ್ತು ಬೇಸಗೆ

ಬೆಟಗೇರಿ ಕೈಮಗ್ಗದ ಊರು. ನೇಕಾರರ ಮನೆಯಲ್ಲಿ ನೂಲು, ಉಳಿದ ಮನೆಗಳಲ್ಲಿ ಕೌದಿ ಹೊಲಿಯುವ ದಾರ, ಇವುಗಳೊಡನೆ ಬೆಕ್ಕಿನ ಮರಿಗಳು ಆಡುವುದು ಸಾಮಾನ್ಯ ದೃಶ್ಯ. ಬೆಕ್ಕಿನ ನಾಲಿಗೆಯ ಮೇಲೆ ಗಂಟಲಿನ ಕಡೆಗೆ ಬಾಗಿದ ಗಡುಸಾದ ಮುಳ್ಳುಗಳಿವೆ. ಎಲುಬಿನಿಂದ ಮಾಂಸ ಕೆರೆಯಲು, ಮೈ ಬಾಚಿಕೊಳ್ಳಲು ಅವು ಉಪಯುಕ್ತ. ಆದರೆ ಬಾಯಿಗೆ ಸಿಕ್ಕಿದ ದಾರವನ್ನು ಉಗುಳಲು ಅವು ಬಿಡುವುದಿಲ್ಲ. ದಾರ ಒಳಕ್ಕೇ ಸಾಗುತ್ತದೆ. ಒಂದು ತುದಿ ನಾಲಿಗೆಯ ಬುಡಕ್ಕೆ ಸುತ್ತಿಕೊಂಡು ಇನ್ನೊಂದು ತುದಿ ಕರುಳಿಗಿಳಿದರೆ, ಲಾಡಿಯೆಳೆದ ಚೀಲದಂತೆ ಕರುಳು ನೆರಿಗೆಗಟ್ಟುತ್ತದೆ. ಬಾಯಲ್ಲಾಗಲಿ ಗುದದ್ವಾರದಲ್ಲಾಗಲಿ ದಾರ ಕಂಡರೆ ಅದನ್ನು ಎಳೆಯಲೇಬಾರದು. ಬಿಗಿಯಾದ ದಾರ ಕರುಳನ್ನು ಗರಗಸದಂತೆ ಕೊಯ್ಯುತ್ತದೆ. ಇದಕ್ಕೆ ವೈದ್ಯರ ಪರೀಕ್ಷೆಯೇ ದಾರಿ. ಬಹಳ ಸಲ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

ಇಲಿಗಳಿಗೆ ಇಡುವ ಪಾಷಾಣ ಬೆಕ್ಕಿಗೂ ಮೃತ್ಯುವೇ. ಸತು ಫಾಸ್ಫೈಡ್ ಜಠರದ ಆಮ್ಲದೊಡನೆ ಕೂಡಿ ಫಾಸ್ಫೀನ್ ಎಂಬ ವಿಷಾನಿಲವನ್ನು ಹುಟ್ಟಿಸುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಇನ್ನೊಂದು ಬಗೆಯ ಪಾಷಾಣದ ಲಕ್ಷಣಗಳು ಕೆಲವು ದಿನಗಳ ಅನಂತರ ಕಾಣಿಸಿಕೊಳ್ಳುತ್ತವೆ. ಅದಕ್ಕೆ ಕೆ-೧ ಜೀವಸತ್ವ ಪ್ರತ್ಯೌಷಧ. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆಯಾದುದರಿಂದ ಪಾಷಾಣದ ಪೊಟ್ಟಣವನ್ನು ವೈದ್ಯರಿಗೆ ತೋರಿಸುವುದು ಬಹುಮುಖ್ಯ. ಉಪ್ಪುನೀರು, ಹಾಲು, ತುಪ್ಪ ಕುಡಿಸಿ ವಾಂತಿ ಮಾಡಿಸಲು ಹೋಗಬಾರದು. ಉಪ್ಪೇ ಇನ್ನೊಂದು ವಿಷವಾದೀತು. ಬಲವಂತವಾಗಿ ಸುರಿದ ದ್ರವ ಶ್ವಾಸಕೋಶಕ್ಕೆ ಇಳಿದೀತು.

ಏಪ್ರಿಲ್, ಮೇ ತಿಂಗಳುಗಳಲ್ಲಿ ಈ ಸೀಮೆಯ ಉಷ್ಣತೆ ೪೦ ಡಿಗ್ರಿ ಸೆಲ್ಸಿಯಸ್ ಸಮೀಪಿಸುತ್ತದೆ. ಬೆಕ್ಕಿನ ಸಹಜ ಮೈಶಾಖ ೩೮ರಿಂದ ೩೯.೨ ಡಿಗ್ರಿ. ತಗಡಿನ ಕೋಣೆಯಲ್ಲಿ ಸಿಕ್ಕಿಬಿದ್ದ ಬೆಕ್ಕು ನಾಯಿಯಂತೆ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಅದು ಅಪಾಯದ ಚಿಹ್ನೆ. ನೆರಳಿಗೆ ತಂದು, ಸಾಧಾರಣ ತಣ್ಣೀರಿನಿಂದ ಮೈ ತೋಯಿಸಿ ಗಾಳಿ ಬೀಸಬೇಕು. ಮಂಜುಗಡ್ಡೆಯ ನೀರು ಬೇಡ; ಅದರಿಂದ ಚರ್ಮದ ರಕ್ತನಾಳಗಳು ಕುಗ್ಗಿ ಒಳಗಿನ ಶಾಖ ಹೊರಬರಲು ಅಡ್ಡಿಯಾಗುತ್ತದೆ.

ಮಾಳಿಗೆಯಿಂದ ಬಿದ್ದ ಬೆಕ್ಕು ಕಾಲೂರಿಯೇ ಇಳಿಯುತ್ತದೆಂಬ ನಂಬಿಕೆಯಲ್ಲಿ ಸತ್ಯಾಂಶವಿದೆ. ಬೀಳುವಾಗ ಅದು ಗಾಳಿಯಲ್ಲಿ ಮೈ ತಿರುಗಿಸಿಕೊಳ್ಳುವ ರೀತಿಯನ್ನು ಫ್ರಾನ್ಸಿನ ಮಾರೆ ಎಂಬ ವಿಜ್ಞಾನಿ ೧೮೯೪ರಲ್ಲಿ ಛಾಯಾಚಿತ್ರಗಳಿಂದ ತೋರಿಸಿಕೊಟ್ಟನು. ಆದರೆ ಕಾಲೂರಿ ಇಳಿದ ಬೆಕ್ಕಿಗೆ ಪೆಟ್ಟಾಗಿಲ್ಲವೆಂದು ಅರ್ಥವಲ್ಲ. ದವಡೆ ಮುರಿದಿರಬಹುದು, ಎದೆಯೊಳಗೆ ಗಾಳಿ ಸೋರಿರಬಹುದು. ಎದ್ದು ನಡೆದರೂ ಉಸಿರಾಟವನ್ನು ಗಮನಿಸಿ ವೈದ್ಯರಿಗೆ ತೋರಿಸುವುದು ಲೇಸು.

ವೈದ್ಯರನ್ನು ತಲಪುವವರೆಗೆ

ಲಕ್ಷ್ಮೇಶ್ವರ, ಮುಂಡರಗಿಗಳಿಂದ ಗದಗಕ್ಕೆ ಸುಮಾರು ೪೦ ಕಿಲೋಮೀಟರ್ ದಾರಿ. ತಾಲ್ಲೂಕು ಕೇಂದ್ರಗಳಲ್ಲಿ ಸರಕಾರಿ ಪಶು ಆಸ್ಪತ್ರೆಗಳಿವೆ. ಗದಗದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವೂ ಇದೆ. ಹತ್ತಿರದ ಆಸ್ಪತ್ರೆಯ ದೂರವಾಣಿ ಸಂಖ್ಯೆಯನ್ನೂ ಅದು ತೆರೆದಿರುವ ವೇಳೆಯನ್ನೂ ಮೊದಲೇ ಬರೆದಿಟ್ಟುಕೊಂಡು, ಹೊರಡುವ ಮುನ್ನ ಕರೆ ಮಾಡಿ ಸ್ಥಿತಿಯನ್ನು ತಿಳಿಸಿದರೆ ಅಮೂಲ್ಯವಾದ ಸಮಯ ಉಳಿಯುತ್ತದೆ.

ನೋವಿನಲ್ಲಿರುವ ಬೆಕ್ಕು ಒಡೆಯನನ್ನೂ ಕಚ್ಚುತ್ತದೆ. ದಪ್ಪ ಟವಲಿನಿಂದ ಕತ್ತು ಬಿಟ್ಟು ಮೈಯನ್ನು ಸುತ್ತಿ, ಗಾಳಿಯಾಡುವ ಪೆಟ್ಟಿಗೆಯಲ್ಲಾಗಲಿ ಮುಚ್ಚಳವಿರುವ ಬುಟ್ಟಿಯಲ್ಲಾಗಲಿ ಇಟ್ಟು ಒಯ್ಯಬೇಕು. ಉಸಿರಾಟ ಕಷ್ಟವಾಗಿದ್ದರೆ ಬಿಗಿಯಾಗಿ ಸುತ್ತದೆ ಹಾಗೆಯೇ ಪೆಟ್ಟಿಗೆಗೆ ಸೇರಿಸುವುದು ಉತ್ತಮ. ರಕ್ತ ಸುರಿಯುತ್ತಿದ್ದರೆ ಶುಭ್ರವಾದ ಬಟ್ಟೆಯನ್ನು ಗಾಯದ ಮೇಲೆ ಒತ್ತಿ, ಐದು ನಿಮಿಷದವರೆಗೆ ಎತ್ತಿ ನೋಡದೆ ಹಿಡಿದಿರಬೇಕು. ಸೆಳವು ಬಂದಾಗ ಬಾಯಿಗೆ ಏನನ್ನೂ ಹಾಕದೆ, ಪೆಟ್ಟಾಗುವ ವಸ್ತುಗಳನ್ನು ಸರಿಸಿ, ಎಷ್ಟು ಹೊತ್ತು ಇತ್ತೆಂಬುದನ್ನು ಗಡಿಯಾರ ನೋಡಿ ಬರೆದಿಡಬೇಕು.

ಬೆಕ್ಕಿನ ಕಡಿತ, ಪರಚುಗಾಯಗಳನ್ನು ಅಲಕ್ಷಿಸಲಾಗದು. ಗಾಯವನ್ನು ಕೂಡಲೇ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ೧೫ ನಿಮಿಷ ತೊಳೆದು ವೈದ್ಯರನ್ನು ಕಾಣಬೇಕು. ರೇಬೀಸ್ ರೋಗದ ಲಕ್ಷಣ ತೋರಿದ ಮೇಲೆ ಉಳಿಗಾಲವಿಲ್ಲ. ಅದಕ್ಕೆ ಮುಂಚೆ ಹಾಕಿಸಿದ ಲಸಿಕೆ ಜೀವವನ್ನು ಕಾಯುತ್ತದೆ. ಬೆಕ್ಕಿಗೂ ಮೂರು ತಿಂಗಳು ತುಂಬಿದಾಗ ರೇಬೀಸ್ ಲಸಿಕೆಯನ್ನೂ, ಎರಡು ತಿಂಗಳ ಸುಮಾರಿನಿಂದ ಅದರ ವಾಂತಿಭೇದಿ ಹಾಗೂ ಶೀತಜ್ವರದ ಸೋಂಕುಗಳ ವಿರುದ್ಧ ಲಸಿಕೆಗಳನ್ನೂ ವೈದ್ಯರ ಸಲಹೆಯಂತೆ ಹಾಕಿಸತಕ್ಕದ್ದು.

ಆರೋಗ್ಯದಲ್ಲಿ ಕಲಿಯಬೇಕಾದ ಪಾಠ

ಬೆಕ್ಕು ಬೇಟೆಗಾರನೂ ಹೌದು, ತನಗಿಂತ ದೊಡ್ಡ ಪ್ರಾಣಿಗಳಿಗೆ ಬೇಟೆಯೂ ಹೌದು. ಆದುದರಿಂದ ನೋವನ್ನು ಮರೆಮಾಡುವುದು ಅದರ ಹುಟ್ಟುಗುಣ. ಅದು ಕೂಗಿ ತಿಳಿಸುವುದಿಲ್ಲ. ಮಂಚದ ಕೆಳಗೆ ಅಡಗುತ್ತದೆ, ಮೈ ನೆಕ್ಕಿಕೊಳ್ಳುವುದನ್ನು ಬಿಡುತ್ತದೆ, ಊಟ ತೊರೆಯುತ್ತದೆ. ಎರಡು ಮೂರು ದಿನ ಉಪವಾಸವಿದ್ದರೆ, ಅದರಲ್ಲಿಯೂ ಕೊಬ್ಬಿದ ಬೆಕ್ಕಿನಲ್ಲಿ, ದೇಹದ ಕೊಬ್ಬು ಯಕೃತ್ತಿಗೆ ಬಂದು ತುಂಬಿಕೊಂಡು ಹೊಸ ರೋಗವೇ ಹುಟ್ಟುತ್ತದೆ. ಲಂಘನಂ ಪರಮೌಷಧಂ ಎಂಬ ಮಾತು ಬೆಕ್ಕಿಗೆ ಸಲ್ಲದು.

ಈ ಮೌನವನ್ನು ಓದುವುದು ಕಷ್ಟವಲ್ಲ. ನಿಮ್ಮ ಮನೆಯ ಬೆಕ್ಕು ನಿದ್ರಿಸುತ್ತಿರುವಾಗ ಅದರ ಪಕ್ಕೆಯ ಏರಿಳಿತವನ್ನು ಒಂದು ನಿಮಿಷ ಎಣಿಸಿರಿ. ಆರೋಗ್ಯವಿದ್ದಲ್ಲಿ ಅದು ೩೦ಕ್ಕಿಂತ ಕಡಮೆ ಇರುತ್ತದೆ. ಮೆಲ್ಲನೆ ತುಟಿಯೆತ್ತಿ ಒಸಡಿನ ನಸುಗೆಂಪು ಬಣ್ಣವನ್ನು ನೋಡಿಟ್ಟುಕೊಳ್ಳಿರಿ. ದಿನಕ್ಕೆ ಎಷ್ಟು ಸಲ ಮೂತ್ರ ಮಾಡುತ್ತದೆ, ಎಷ್ಟು ತಿನ್ನುತ್ತದೆ ಎಂಬುದನ್ನು ಗಮನಿಸಿರಿ, ತಿಂಗಳಿಗೊಮ್ಮೆ ತೂಗಿರಿ. ಇವನ್ನೆಲ್ಲ ನೋಟ್ ಪುಸ್ತಕದ ಒಂದು ಪುಟದಲ್ಲಿ ಬರೆದಿಟ್ಟುಕೊಳ್ಳಿರಿ. ಬೆಕ್ಕಿಗೆ ಕಾಯಿಲೆಯಾದ ದಿನ ವೈದ್ಯರು ಮೊದಲು ಕೇಳುವ ಪ್ರಶ್ನೆಗಳಿಗೆ ಆ ಪುಟವೇ ಉತ್ತರ ಕೊಡುತ್ತದೆ.