ಟ್ಯಾಂಕ್ ಏರಿದ ಘಾಟಿ: ಶ್ರೀನಗರದಿಂದ ಲೇಹ್‌ಗೆ

ಹನ್ನೊಂದು ಸಾವಿರ ಅಡಿ ಎತ್ತರದ ಘಾಟಿಗೆ ಟ್ಯಾಂಕ್ ಬರುತ್ತೆ ಅಂತ ಶತ್ರು ಕನಸಲ್ಲೂ ಎಣಿಸಿರಲಿಲ್ಲ. ಪಾಕಿಸ್ತಾನದೊಂದಿಗಿನ ಕಾಶ್ಮೀರ ಯುದ್ಧದಲ್ಲಿ, 1948ರ ನವೆಂಬರ್ 1ರಂದು, ಕೊರೆಯುವ ಚಳಿಯಲ್ಲಿ, ಜೋಜಿಲಾಕ್ಕೆ ಟ್ಯಾಂಕ್ ನುಗ್ಗಿಸಿದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. ಮುಂದಿನ ಟ್ಯಾಂಕ್‌ನಲ್ಲಿ ಖುದ್ದು ಅವರೇ ಇದ್ದರು!

ಇಂದು ಶ್ರೀನಗರದಿಂದ ಲೇಹ್‌ಗೆ ಹೊರಟು ಸೋನಮಾರ್ಗ್ ದಾಟಿದರೆ ಅದೇ ಘಾಟಿ: ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಪ್ರಪಾತ.

ಆಚೆಗೆ ದ್ರಾಸ್. ಯುದ್ಧ ಸ್ಮಾರಕದ ಅಂಗಳದಲ್ಲಿ ತಲೆಯೆತ್ತಿದರೆ ತೋಲೋಲಿಂಗ್ ಬೆಟ್ಟ. 1999ರ ಕಾರ್ಗಿಲ್ ಯುದ್ಧದಲ್ಲಿ ಅಲ್ಲಿ ಕೂತ ಶತ್ರುವಿಗೆ ಈ ಹೆದ್ದಾರಿಯ ಲಾರಿಗಳೆಲ್ಲ ಕಾಣುತ್ತಿದ್ದವು. ಮರೆಯೇ ಇಲ್ಲದ ಆ ಬೋಳು ಇಳಿಜಾರನ್ನು ನಮ್ಮ ಯೋಧರು ಕತ್ತಲಲ್ಲಿ ಹತ್ತಿದರು.

ರಾತ್ರಿ ಕಾರ್ಗಿಲ್‌ನಲ್ಲಿ ತಂಗಿ. ಮರುದಿನ ಈ ದಾರಿಯ ಅತಿ ಎತ್ತರದ ಘಾಟಿ ಫೋಟುಲಾ, ಇಳಿದರೆ ಲಾಮಯೂರು ಮಠ.

ಮೊದಲ ಸಲವೇ? ವಿಮಾನದಲ್ಲಿ ನೇರ ಲೇಹ್‌ಗೆ ಇಳಿಯಬೇಡಿ. ಶ್ರೀನಗರದಿಂದ ನಿಧಾನಕ್ಕೆ ಏರಿ. ದೇಹ ಎತ್ತರಕ್ಕೆ ಒಗ್ಗುತ್ತೆ.