ಬೆಲ್ಲದ ಪಾಕವೂ ಕುದಿಯುವ ಲೆಕ್ಕವೂ



ಆಲೆಮನೆ ಹೂಡುವ ಕಾಲ ಬಂತೆಂದರೆ ನಾನು ಹೋದ ಊರಲ್ಲೆಲ್ಲ ಒಂದೇ ಪ್ರಶ್ನೆ: “ಸ್ವಾಮಿ, ಪಾಕವನ್ನು ಎಷ್ಟು ಡಿಗ್ರಿಗೆ ಇಳಿಸಬೇಕು?” ಪುಸ್ತಕ ತೆರೆದರೆ ಉತ್ತರ ಸಿಕ್ಕಿಬಿಡುತ್ತದೆ. ಅಚ್ಚು ಬೆಲ್ಲಕ್ಕೆ 118 ಡಿಗ್ರಿ ಸೆಂಟಿಗ್ರೇಡ್ ಎಂದು ಬರೆದಿರುತ್ತದೆ. ಆ ಒಂದು ಅಂಕಿಯನ್ನು ನಂಬಿಕೊಂಡು ನಾನೊಮ್ಮೆ ಮಂಡ್ಯದ ಕಡೆ ಒಂದು ಕೊಪ್ಪರಿಗೆ ಪಾಕವನ್ನು ಕೆಡಿಸಿದ್ದೇನೆ. ಕೆಲಸಕ್ಕೆ ಸೇರಿದ ಹೊಸತು. ಕೈಯಲ್ಲಿ ಥರ್ಮಾಮೀಟರು, ತಲೆಯಲ್ಲಿ ಡಿಪ್ಲೊಮಾ ಓದಿದ ಬಿಸಿ. ಪಾಕ ನೋಡುವ ಅಜ್ಜ “ಇಳಿಸ್ಬುಡಿ ಸ್ವಾಮಿ, ಹದ ಬಂದದೆ” ಅಂದರು. ನನ್ನ ಥರ್ಮಾಮೀಟರು ಆಗ 114 ತೋರಿಸುತ್ತಿತ್ತು. “ಇನ್ನೂ ನಾಲ್ಕು ಡಿಗ್ರಿ ಬೇಕು” ಎಂದು ನಾನು ಹಟ ಹಿಡಿದೆ. 118 ಬರುವ ಹೊತ್ತಿಗೆ ಪಾಕ ಸೀದ ವಾಸನೆ ಹೊಡೆಯಿತು, ಬೆಲ್ಲ ಕಪ್ಪಿಟ್ಟಿತು. ಸಂತೆಯಲ್ಲಿ ಅದಕ್ಕೆ ಬಂದ ಬೆಲೆಯನ್ನು ನೆನೆದರೆ ಇಂದಿಗೂ ಆ ಮನೆಯವರ ಮುಖ ನೋಡಲು ನಾಚಿಕೆ.

ಮರುದಿನ ಅದೇ ಥರ್ಮಾಮೀಟರನ್ನು ಅದೇ ಊರಿನಲ್ಲಿ ಬರಿಯ ನೀರು ಕುದಿಸಿ ಅದರಲ್ಲಿ ಹಿಡಿದೆ. ನೂರು ತೋರಿಸಬೇಕಾದದ್ದು 96 ತೋರಿಸಿತು! ತಪ್ಪು ಎಲ್ಲಿತ್ತೆಂದು ಆಗ ತಿಳಿಯಿತು. ಇದರಲ್ಲಿ ಎರಡು ಸಂಗತಿ ಉಂಟು. ನೀರು ನೂರು ಡಿಗ್ರಿಗೆ ಕುದಿಯುವುದು ಸಮುದ್ರಮಟ್ಟದಲ್ಲಿ, ಅಂದರೆ ನಮ್ಮ ಮಂಗಳೂರು, ಕಾರವಾರದ ದಂಡೆಯಲ್ಲಿ. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ನೀರು ಬೇಗ ಕುದಿಯುತ್ತದೆ. ಸುಮಾರು 300 ಮೀಟರು ಏರಿದರೆ ಒಂದು ಡಿಗ್ರಿ ಇಳಿಯಿತು ಅನ್ನಿ. ಮಂಡ್ಯ ಸುಮಾರು 680 ಮೀಟರು ಎತ್ತರದಲ್ಲಿದೆ. ಹೀಗಾಗಿ ಅಲ್ಲಿ ನೀರು 98ಕ್ಕೂ ಸ್ವಲ್ಪ ಕೆಳಗೇ ಕುದಿಯುತ್ತದೆ. ಉಳಿದ ಎರಡು ಡಿಗ್ರಿಯ ಹತ್ತಿರದ ತಪ್ಪು ನನ್ನ ಥರ್ಮಾಮೀಟರಿನದು. ಅಗ್ಗದ ಉಪಕರಣಗಳಲ್ಲಿ ಇದು ಸಾಮಾನ್ಯ.

ಆದುದರಿಂದ 118 ಎಂಬ ಅಂಕಿಯನ್ನು ಮರೆತುಬಿಡಿ. ನೀರು ಕುದಿಯುವ ಮಟ್ಟಕ್ಕಿಂತ 18 ಡಿಗ್ರಿ ಮೇಲೆ ಎಂದು ಇಟ್ಟುಕೊಳ್ಳಿ. ಆ ದಿನ 96ಕ್ಕೆ 18 ಸೇರಿಸಿದರೆ 114. ಅಜ್ಜ ಹೇಳಿದ್ದು ಅಷ್ಟಕ್ಕೇ ಅಲ್ಲವೆ?

ಪಾಕ ನೀರಿಗಿಂತ ಮೇಲೆ ಏಕೆ ಕುದಿಯಬೇಕು ಎಂದು ಕೇಳುವಿರಿ. ನೀರು ಕುದಿಯುವುದೆಂದರೆ ನೀರಿನ ಅಣುಗಳು ಆವಿಯಾಗಿ ಹೊರಗೆ ಹಾರುವುದು. ಜಾತ್ರೆಯಿಂದ ಜನ ಹೊರಡುವಾಗ ಬಾಗಿಲಲ್ಲಿ ಕದಲದ ಕೆಲವರು ನಿಂತಿದ್ದರೆ ಹೊರಡುವವರ ಸಂಖ್ಯೆ ತಗ್ಗುತ್ತದಷ್ಟೆ? ಕಬ್ಬಿನ ಹಾಲಿನಲ್ಲಿ ಸಕ್ಕರೆಯ ಅಣುಗಳು ಹಾಗೆ ನಿಂತವರು. ತಾವು ಹಾರುವುದಿಲ್ಲ, ಹಾರುವ ನೀರಿಗೂ ಜಾಗ ಬಿಡುವುದಿಲ್ಲ. ಅಷ್ಟೇ ಆವಿ ಹೊರಡಬೇಕಾದರೆ ಇನ್ನಷ್ಟು ಉರಿ ಬೇಕು. ಫ್ರಾನ್ಸ್ ದೇಶದ ರವೂಲ್ ಎಂಬ ರಸಾಯನಶಾಸ್ತ್ರಜ್ಞ 1880ರ ದಶಕದಲ್ಲಿ ಇದನ್ನು ಅಳೆದು ಲೆಕ್ಕಕ್ಕೆ ತಂದರು. ಇಲ್ಲಿ ಮುಖ್ಯವಾದದ್ದು ಅಣುಗಳ ಎಣಿಕೆ. ವೀಳ್ಯದೆಲೆಯನ್ನು ನಾವು ತೂಕದಿಂದ ಮಾರುತ್ತೇವೆಯೆ? ಎಲೆ ದೊಡ್ಡದಿರಲಿ ಚಿಕ್ಕದಿರಲಿ, ಕಟ್ಟಿಗೆ ಇಷ್ಟು ಎಲೆ ಎಂದು ಎಣಿಸುತ್ತೇವೆ. ರಸಾಯನಶಾಸ್ತ್ರದಲ್ಲಿಯೂ ಅಣುಗಳಿಗೆ ಅಂಥದೊಂದು ಕಟ್ಟು ಉಂಟು, ಅದರ ಹೆಸರು ಮೋಲ್. ಸಕ್ಕರೆಯ ಒಂದು ಕಟ್ಟು 342 ಗ್ರಾಂ ತೂಗುತ್ತದೆ. ಒಂದು ಕಿಲೋ ನೀರಿಗೆ ಒಂದು ಕಟ್ಟು ಸೇರಿದರೆ ಕುದಿಯುವ ಮಟ್ಟ 0.51 ಡಿಗ್ರಿ ಏರುತ್ತದೆ. ಎರಡು ಕಟ್ಟಿಗೆ ಅದರ ಎರಡರಷ್ಟು. ಲೆಕ್ಕ ಇಷ್ಟೇ.

ಇದನ್ನೇ ಕೊಪ್ಪರಿಗೆಗೆ ಹಚ್ಚಿ ನೋಡೋಣ. ನೂರು ಕಿಲೋ ಕಬ್ಬಿನ ಹಾಲಿನಲ್ಲಿ 20 ಕಿಲೋ ಸಿಹಿ, 80 ಕಿಲೋ ನೀರು ಇದೆಯೆನ್ನಿ. ಒಂದು ಕಿಲೋ ನೀರಿಗೆ 250 ಗ್ರಾಂ ಸಕ್ಕರೆ ಬಿತ್ತು. 250ನ್ನು 342ರಿಂದ ಭಾಗಿಸಿದರೆ 0.73 ಕಟ್ಟು. ಅದನ್ನು 0.51ರಿಂದ ಗುಣಿಸಿದರೆ 0.37. ಅಂದರೆ ಹಸಿ ಹಾಲು ನೀರಿಗಿಂತ ಅರ್ಧ ಡಿಗ್ರಿಯೂ ಮೇಲೆ ಕುದಿಯದು. ನೀರು ಹೋಗಿ ಹೋಗಿ 20 ಕಿಲೋ ಉಳಿಯಿತು, ಸಿಹಿ 20 ಕಿಲೋ ಹಾಗೇ ಇದೆ. ಈಗ ಲೆಕ್ಕದಂತೆ ಒಂದೂವರೆ ಡಿಗ್ರಿ. ಥರ್ಮಾಮೀಟರು ತೋರಿಸುವುದು ಸುಮಾರು ಎರಡು. ನೀರು ಐದೇ ಕಿಲೋಗೆ ಇಳಿದಾಗ ಲೆಕ್ಕ ಆರು ಡಿಗ್ರಿ ಎನ್ನುತ್ತದೆ, ಆದರೆ ನಿಜವಾಗಿ ಹನ್ನೊಂದರ ಹತ್ತಿರ ಬಂದಿರುತ್ತದೆ!

ಲೆಕ್ಕ ಸುಳ್ಳಾಯಿತೆ? ಸುಳ್ಳಲ್ಲ. ಈ 0.51ರ ಲೆಕ್ಕ ತೆಳುವಾದ ದ್ರಾವಣಕ್ಕೆ ಮಾತ್ರ ಹೊಂದುತ್ತದೆ. ಪಾಕ ಗಟ್ಟಿಯಾದಾಗ ಸಕ್ಕರೆಯ ಪ್ರತಿ ಅಣುವೂ ಸುತ್ತಲಿನ ಕೆಲವು ನೀರಿನ ಅಣುಗಳನ್ನು ತಬ್ಬಿ ಹಿಡಿದುಕೊಳ್ಳುತ್ತದೆ, ಬಿಡುಗಡೆಯಾಗಿ ಓಡಾಡುವ ನೀರು ಇನ್ನೂ ಕಡಿಮೆಯಾಗುತ್ತದೆ. ಹೀಗಾಗಿ ಕೊನೆಯ ಹಂತದಲ್ಲಿ ಕಾಗದದ ಲೆಕ್ಕಕ್ಕಿಂತ ಅಳತೆಯೇ ಮೇಲು.

ಈ ಅಂಕಿಗಳಲ್ಲಿ ಇನ್ನೊಂದು ಮಾತು ಅಡಗಿದೆ, ಅದನ್ನು ಗಮನವಿಟ್ಟು ನೋಡಿರಿ. ಎಂಬತ್ತು ಕಿಲೋ ನೀರಿನಲ್ಲಿ ಎಪ್ಪತ್ತೈದು ಕಿಲೋ ಆವಿಯಾಗಿ ಹೋದರೂ ಏರಿದ್ದು ಹನ್ನೊಂದು ಡಿಗ್ರಿ. ಉಳಿದ ಐದು ಮೂರಕ್ಕೆ ಇಳಿಯುವಷ್ಟರಲ್ಲಿ ಇನ್ನೂ ಏಳು ಏರಿ ಹದಿನೆಂಟಾಗುತ್ತದೆ. ಗಂಟೆಗಟ್ಟಲೆ ಮಲಗಿದ್ದ ಮುಳ್ಳು ಕೊನೆಯಲ್ಲಿ ಓಡುತ್ತದೆ. ಬೀಡಿ ಹಚ್ಚಿ ಬರುತ್ತೇನೆಂದು ಹೊರಗೆ ಹೋಗುವುದು ಆ ಹೊತ್ತಿಗೇ! ಎಂಟೊಂಬತ್ತು ಡಿಗ್ರಿ ಏರಿದೊಡನೆ ಒಲೆಗೆ ಸಿಪ್ಪೆ ಹಾಕುವುದನ್ನು ತಗ್ಗಿಸಿ. ಜೋನಿ ಬೆಲ್ಲ ಬೇಕೆನ್ನುವವರು ಐದಾರು ಡಿಗ್ರಿ ಏರಿದಾಗಲೇ ಇಳಿಸಬಹುದು. ಪುಡಿ ಬೆಲ್ಲಕ್ಕೆ ಅಚ್ಚು ಬೆಲ್ಲಕ್ಕಿಂತ ಎರಡು ಡಿಗ್ರಿ ಮೇಲೆ ಹೋಗಬೇಕು.

ಥರ್ಮಾಮೀಟರಿನ ವಿಚಾರ. ಜ್ವರ ನೋಡುವ ಥರ್ಮಾಮೀಟರು ಇದಕ್ಕೆ ಸಲ್ಲದು, ಅದರ ಅಂಕಿ 42ಕ್ಕೇ ಮುಗಿಯುತ್ತದೆ. 150 ಡಿಗ್ರಿಯವರೆಗಾದರೂ ತೋರಿಸುವ, ಉದ್ದ ಕಡ್ಡಿಯ ಲೋಹದ ಥರ್ಮಾಮೀಟರು ಕೊಳ್ಳಿ. ಪಾದರಸದ ಗಾಜಿನ ಕೊಳವೆ ಆಲೆಮನೆಗೆ ಬೇಡವೇ ಬೇಡ. ಒಡೆದರೆ ಗಾಜೂ ಪಾದರಸವೂ ಬೆಲ್ಲದಲ್ಲಿ ಸೇರುತ್ತವೆ, ಅಂಥ ಪಾಕವನ್ನು ಚೆಲ್ಲದೆ ಗತಿಯಿಲ್ಲ. ಕಡ್ಡಿಯ ತುದಿ ಕೊಪ್ಪರಿಗೆಯ ತಳಕ್ಕೆ ತಾಗಬಾರದು, ಬರಿಯ ನೊರೆಯಲ್ಲಿಯೂ ಇರಬಾರದು. ಪಾಕದ ನಡುವೆ ಇರಬೇಕು. ಮೊದಲ ದಿನ ನೀರು ಕುದಿಸಿ ನೋಡಿದ ಅಂಕಿಯನ್ನು ಗೋಡೆಯ ಮೇಲೆ ಇದ್ದಲಿನಿಂದ ಬರೆದಿಡಿ, ಅದರ ಕೆಳಗೆ ಹದಿನೆಂಟು ಕೂಡಿಸಿ ಬರೆಯಿರಿ. ಥರ್ಮಾಮೀಟರು ಬದಲಾದರೆ ಮತ್ತೆ ನೀರು ಕುದಿಸಬೇಕು. ಮಕ್ಕಳನ್ನು ದೂರವಿಡಿ. ಪಾಕ ಕುದಿವ ನೀರಿಗಿಂತ ಬಿಸಿ, ಮೇಲಾಗಿ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ.

ತಾಯಂದಿರಿಗೆ ಒಂದು ಮಾತು. ಬೇಳೆಗೆ ಉಪ್ಪು ಹಾಕಿದರೆ ನೀರು ಹೆಚ್ಚು ಕಾದು ಬೇಗ ಬೇಯುತ್ತದೆ ಎನ್ನುವವರಿದ್ದಾರೆ. ಲೀಟರು ನೀರಿಗೆ ಹತ್ತು ಗ್ರಾಂ ಉಪ್ಪು ಹಾಕಿ. ಉಪ್ಪಿನ ಕಟ್ಟು 58.5 ಗ್ರಾಂ, ನೀರಿನಲ್ಲಿ ಅದು ಒಡೆದು ಎರಡು ಕಟ್ಟಿನ ಎಣಿಕೆಯಾಗುತ್ತದೆ. ಅಷ್ಟಾದರೂ ಏರುವುದು ಡಿಗ್ರಿಯ ಐದನೆಯ ಒಂದು ಪಾಲಿಗೂ ಕಡಿಮೆ. ಉಪ್ಪು ರುಚಿಗೆ ಸಾಕು.

ಒಡೆಯುವ ಈ ಗುಣ ಬೆಲ್ಲದಲ್ಲಿಯೂ ತೊಂದರೆ ಕೊಡುತ್ತದೆ. ಕಡಿದ ಕಬ್ಬು ಎರಡು ಮೂರು ದಿನ ಬಿದ್ದಿದ್ದರೆ, ಹಾಲು ಹುಳಿಯಾದರೆ, ಸಕ್ಕರೆಯ ಒಂದೊಂದು ಅಣುವೂ ಎರಡಾಗಿ ಒಡೆಯುತ್ತದೆ. ತೂಕ ಹೆಚ್ಚುಕಡಿಮೆ ಅಷ್ಟೇ, ಎಣಿಕೆ ಮಾತ್ರ ಹೆಚ್ಚು. ಆಗ ನೀರು ಇನ್ನೂ ಉಳಿದಿರುವಾಗಲೇ ಮುಳ್ಳು ಹದಿನೆಂಟು ಮುಟ್ಟುತ್ತದೆ. ನಂಬಿ ಇಳಿಸಿದರೆ ಅಚ್ಚು ನಿಲ್ಲದು. ನಿಂತರೂ ಮಳೆಗಾಲದಲ್ಲಿ ಬೆವರುತ್ತದೆ. ಕಬ್ಬನ್ನು ಕಡಿದ ದಿನವೇ ಅರೆಯಿರಿ, ಸುಣ್ಣದ ತಿಳಿಯನ್ನು ಹದವಾಗಿ ಹಾಕಿ ಹುಳಿ ತಗ್ಗಿಸಿ. ಮುಳ್ಳು ಹದಿನೇಳಕ್ಕೆ ಬಂದಾಗ ತಣ್ಣೀರಿನ ಬಟ್ಟಲಿಗೆ ಒಂದು ತೊಟ್ಟು ಪಾಕ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡಿ. ಉಂಡೆ ಗಟ್ಟಿಯಾಗಿ ನಿಂತರೆ ಕೊಪ್ಪರಿಗೆ ಇಳಿಸಲು ಸಿದ್ಧರಾಗಿ. ಮೆತ್ತಗಿದ್ದರೆ, ಮುಳ್ಳು ಏನೇ ಹೇಳಲಿ, ಇನ್ನೂ ಸ್ವಲ್ಪ ಕಾಯಿರಿ.