ಇಬ್ಬರು ಮಂಜುನಾಥರು, ಒಂದೇ ಅಂಕ!

"ಮೇಷ್ಟ್ರೇ, ಉತ್ತರಪತ್ರಿಕೆಯಲ್ಲಿ 71 ಇದೆ. ಪಟ್ಟಿಯಲ್ಲಿ 38 ಹೇಗೆ ಬಂತು?"

ಅರ್ಧವಾರ್ಷಿಕ ಪರೀಕ್ಷೆ ಮುಗಿದ ವಾರ ಮಂಜುನಾಥನ ತಂದೆ ಕೇಳಿದ ಪ್ರಶ್ನೆ ಇದು. ಅಂಕಪಟ್ಟಿಯನ್ನು ಕಂಪ್ಯೂಟರಿಗೆ ಹಾಕಿದವನು ನಾನೇ. ಹಾಜರಿ ಪುಸ್ತಕದಲ್ಲಿ 84 ಮಕ್ಕಳು, ಕಂಪ್ಯೂಟರಿನಲ್ಲಿ 83! 'ಎ' ವಿಭಾಗದಲ್ಲೊಬ್ಬ ಮಂಜುನಾಥ, 'ಬಿ'ಯಲ್ಲೊಬ್ಬ. ಎರಡನೆಯವನ ಅಂಕ ಮೊದಲನೆಯವನದನ್ನು ಅಳಿಸಿ ಕುಳಿತಿತ್ತು.

ನಾನು ಬಳಸಿದ್ದು ಪರ್ಲ್ ಭಾಷೆ. ಅಮೆರಿಕದ ಲ್ಯಾರಿ ವಾಲ್ 1987ರಲ್ಲಿ ಹೊರತಂದ ಈ ಭಾಷೆಗೆ ಪಠ್ಯ ಕಡತಗಳನ್ನು ಓದುವುದೆಂದರೆ ನೀರು ಕುಡಿದಷ್ಟು ಸಲೀಸು. ಕಡತದಲ್ಲಿ ಒಂದು ಮಗುವಿಗೆ ಒಂದು ಸಾಲು. ಹೆಸರು, ವಿಭಾಗ, ಕ್ರಮಾಂಕ, ಅಂಕಗಳ ನಡುವೆ ಒಂದೊಂದು ಲಂಬಗೆರೆ. ಈ ಸಾಲನ್ನು ತುಂಡರಿಸುವ ಆಜ್ಞೆ 'ಸ್ಪ್ಲಿಟ್'. (ಅಲ್ಲಿ ಲಂಬಗೆರೆಗೆ 'ಅಥವಾ' ಎಂಬ ಅರ್ಥವೂ ಇರುವುದರಿಂದ ಅದರ ಹಿಂದೆ ಒಂದು ಓರೆಗೆರೆ ಹಾಕಬೇಕು. ಮರೆತರೆ ಸಾಲು ಅಕ್ಷರ ಅಕ್ಷರವಾಗಿ ಪುಡಿಯಾಗುತ್ತದೆ. ನಾನು ಮರೆತಿದ್ದೇನೆ!) ತುಂಡುಗಳು ಹೋಗಿ ಸೇರುವುದು 'ಹ್ಯಾಶ್' ಎಂಬ ಕಪಾಟಿಗೆ. ಪ್ರತಿ ಖಾನೆಗೂ ಒಂದು ಚೀಟಿ, ಅದೇ 'ಕೀ'. ಒಂದೇ ಚೀಟಿಯ ಎರಡು ಖಾನೆಗಳು ಇರಲಾರವು. ಹೊಸದು ಬಂದರೆ ಹಳೆಯದು ಹೋಯಿತು. ಪರ್ಲ್ ಸದ್ದಿಲ್ಲದೆ ಒಪ್ಪಿಕೊಳ್ಳುತ್ತದೆ.

ಹೆಸರೇ ಕೀ ಎಂದು ಪ್ರೋಗ್ರಾಂನೊಳಗೆ ಬರೆದಿಟ್ಟದ್ದು ನನ್ನ ತಪ್ಪು. ಕೀ ಯಾವುದೆಂದು ಓಡಿಸುವಾಗ ಹೇಳುವಂತಿರಬೇಕು. ಕಡತದ ಮೊದಲ ಸಾಲಿನಲ್ಲಿ ಅಂಕಣಗಳ ಹೆಸರಿರುತ್ತದೆಯಲ್ಲವೇ? ನಾವು ಹೇಳಿದ ಅಂಕಣ ಎಷ್ಟನೆಯದೆಂದು ಪ್ರೋಗ್ರಾಂ ಅಲ್ಲಿ ನೋಡಿಕೊಂಡು, ಪ್ರತಿ ಸಾಲಿನಿಂದ ಅದೇ ತುಂಡನ್ನು ಎತ್ತಿಕೊಳ್ಳುತ್ತದೆ. ಆ ಹೆಸರಿನ ಅಂಕಣವೇ ಇಲ್ಲದಿದ್ದರೆ ಅಲ್ಲೇ ನಿಲ್ಲಬೇಕು. ಹೀಗಾದರೆ ಅದೇ ಪ್ರೋಗ್ರಾಂ ನಾಳೆ ಗ್ರಂಥಾಲಯದ ಪಟ್ಟಿಗೂ ಆಗುತ್ತದೆ.

ಕ್ರಮಾಂಕವೊಂದೇ ಸಾಲದು, ಎರಡೂ ವಿಭಾಗಗಳಲ್ಲಿ ಅದು 1ರಿಂದಲೇ ಶುರು. ವಿಭಾಗವನ್ನೂ ಕ್ರಮಾಂಕವನ್ನೂ 'ಜಾಯಿನ್' ಆಜ್ಞೆಯಿಂದ ಸೇರಿಸಿದೆ, ನಡುವೆ ಲಂಬಗೆರೆ ಇಟ್ಟು. ಗೆರೆ ಏಕೆ? 1 ಮತ್ತು 12 ಸೇರಿದರೂ 112, 11 ಮತ್ತು 2 ಸೇರಿದರೂ 112. ಲಂಬಗೆರೆಯಾದರೆ ತುಂಡುಗಳೊಳಗೆ ಇರುವ ಭಯವಿಲ್ಲ, ಸಾಲನ್ನು ಕತ್ತರಿಸಿದ್ದೇ ಅಲ್ಲಿ. ಜೊತೆಗೆ, ಖಾನೆಗೆ ತುಂಬುವ ಮೊದಲು ಆ ಕೀ ಆಗಲೇ ಇದೆಯೇ ಎಂದು 'ಎಕ್ಸಿಸ್ಟ್ಸ್' ಆಜ್ಞೆಯಿಂದ ಕೇಳಿ, ಇದ್ದರೆ ಸಾಲಿನ ಸಂಖ್ಯೆ ತೋರಿಸುವಂತೆ ಮಾಡಿದೆ.

ಮರುದಿನ 84 ಬಂತು. ತಂದೆಯವರಿಗೆ ಹೊಸ ಪಟ್ಟಿ ಕೊಟ್ಟೆ, 71. 'ಬಿ' ವಿಭಾಗದ ಮಂಜುನಾಥನೂ ಆಸೆಯಿಂದ ಓಡಿ ಬಂದ. ಅವನದು 38 ಹಾಗೇ ಇತ್ತು.